ಸ್ಟೀವ್ ಐಜರ್‌ಮನ್ ಅವರ ಡೆಟ್ರಾಯ್ಟ್ ಮರಳಿಕೆ

ಕೆನಡಾದ ಮಾಜಿ ಐಸ್ ಹಾಕಿ ಆಟಗಾರ ಸ್ಟೀವ್ ಐಜರ್‌ಮನ್ ಅವರು 2018ರ ಸೆಪ್ಟೆಂಬರ್ 11ರಂದು ಟ್ಯಾಂಪಾ ಬೇ ಲೈಟ್ನಿಂಗ್ ತಂಡದ ಜನರಲ್ ಮ್ಯಾನೇಜರ್ ಹುದ್ದೆಯಿಂದ ಕೆಳಗಿಳಿದರು. 2019ರ ಏಪ್ರಿಲ್ 19ರಂದು ಡೆಟ್ರಾಯ್ಟ್ ರೆಡ್ ವಿಂಗ್ಸ್ ತಂಡದಲ್ಲಿ ಅದೇ ಹುದ್ದೆಯನ್ನು ವಹಿಸಿಕೊಂಡರು. ರೆಡ್ ವಿಂಗ್ಸ್ ಅವರು ತಮ್ಮ ಆಟಗಾರ ಜೀವನವನ್ನೆಲ್ಲ ಕಳೆದ ತಂಡ. ಯಶಸ್ವಿಯಾಗಿ ನಡೆಯುತ್ತಿದ್ದ ತಂಡವೊಂದನ್ನು ಕಟ್ಟಿದ ವ್ಯಕ್ತಿ ಅದನ್ನು ಬಿಟ್ಟು ತನ್ನ ಹಳೆಯ ತಂಡಕ್ಕೆ ಹೋಗುವರೇ ಎಂಬ ಪ್ರಶ್ನೆ ಟ್ಯಾಂಪಾದ ಅಭಿಮಾನಿಗಳನ್ನು ಹಲವು ವರ್ಷ ಕಾಡಿತ್ತು.

ಕನ್ನಡ ಓದುಗರಿಗೆ ಹಾಕಿ ಎಂದೊಡನೆ ಕೊಡಗಿನ ಮೈದಾನಗಳು ನೆನಪಾಗುವುದು ಸಹಜ. ಇಲ್ಲಿ ಪ್ರಸ್ತಾಪಿಸಿರುವುದು ಅಮೆರಿಕ ಮತ್ತು ಕೆನಡಾಗಳಲ್ಲಿ ಹಿಮದ ಅಂಕಣದ ಮೇಲೆ ಆಡುವ ಐಸ್ ಹಾಕಿ. ಅದರ ಪ್ರಮುಖ ವೃತ್ತಿಪರ ಸ್ಪರ್ಧೆ ನ್ಯಾಷನಲ್ ಹಾಕಿ ಲೀಗ್. ಅಲ್ಲಿ ಗೆದ್ದ ತಂಡಕ್ಕೆ ದೊರೆಯುವುದು ಸ್ಟಾನ್ಲಿ ಕಪ್.

ಜನರಲ್ ಮ್ಯಾನೇಜರ್ ಹುದ್ದೆಯ ಸ್ವರೂಪ

ತರಬೇತುದಾರ ಪಂದ್ಯವನ್ನು ನಡೆಸಿದರೆ, ಜನರಲ್ ಮ್ಯಾನೇಜರ್ ತಂಡವನ್ನು ಕಟ್ಟುತ್ತಾನೆ. ತರಬೇತುದಾರನ ನೇಮಕ, ಆಟಗಾರರ ವಿನಿಮಯ, ವೇತನ ಒಪ್ಪಂದಗಳು, ವಾರ್ಷಿಕ ಡ್ರಾಫ್ಟ್ ಇವೆಲ್ಲವೂ ಅವನ ಹೊಣೆ. ಡ್ರಾಫ್ಟ್ ಎಂದರೆ ಲೀಗ್‌ನ ತಂಡಗಳು ಹದಿನೆಂಟರ ಆಸುಪಾಸಿನ ಯುವ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ವ್ಯವಸ್ಥೆ. ಇದರಲ್ಲಿ ಏಳು ಸುತ್ತುಗಳಿರುತ್ತವೆ, ದುರ್ಬಲ ತಂಡಗಳಿಗೆ ಮೊದಲ ಸರದಿಗಳು ಸಿಗುತ್ತವೆ. 2005ರಿಂದ ಪ್ರತಿ ತಂಡದ ಒಟ್ಟು ವೇತನಕ್ಕೆ ಮಿತಿಯೂ ಜಾರಿಯಲ್ಲಿರುವುದರಿಂದ ಹಣವಂತ ಮಾಲೀಕನೊಬ್ಬ ಗೆಲುವನ್ನು ಕೊಂಡುಕೊಳ್ಳುವುದು ಸುಲಭವಲ್ಲ. ಹೀಗಾಗಿ ಕಡಿಮೆ ವೇತನಕ್ಕೆ ಒಳ್ಳೆಯ ಯುವಕರನ್ನು ಹುಡುಕಬಲ್ಲ ಮ್ಯಾನೇಜರ್‌ಗೆ ಬಹಳ ಬೆಲೆ. ಆದರೆ ಆರಿಸಿದ ಹುಡುಗ ಪಳಗಿದ ಆಟಗಾರನಾಗಲು ನಾಲ್ಕಾರು ವರ್ಷಗಳು ಬೇಕು. ತೆಂಗಿನ ಸಸಿ ನೆಟ್ಟಂತೆ, ಫಲ ಬರುವ ವೇಳೆಗೆ ನೆಟ್ಟವನು ಅಲ್ಲಿರುವನೆಂಬ ಖಾತರಿ ಇಲ್ಲ.

ಹಿನ್ನೆಲೆ

ಐಜರ್‌ಮನ್ 1965ರ ಮೇ 9ರಂದು ಬ್ರಿಟಿಷ್ ಕೊಲಂಬಿಯಾದ ಕ್ರಾನ್‌ಬ್ರೂಕ್‌ನಲ್ಲಿ ಜನಿಸಿದರು. 1983ರ ಡ್ರಾಫ್ಟ್‌ನಲ್ಲಿ ಡೆಟ್ರಾಯ್ಟ್ ಅವರನ್ನು ನಾಲ್ಕನೆಯವರಾಗಿ ಆರಿಸಿತು. ಪಿಜ್ಜಾ ವ್ಯಾಪಾರದಿಂದ ಶ್ರೀಮಂತರಾದ ಮೈಕ್ ಇಲಿಚ್ ತಂಡವನ್ನು ಕೊಂಡು ಆಗಿನ್ನೂ ಒಂದು ವರ್ಷವಾಗಿತ್ತು. ತಂಡದ ಸ್ಥಿತಿ ಎಷ್ಟು ಶೋಚನೀಯವಾಗಿತ್ತೆಂದರೆ ಜನ ಅದನ್ನು 'ಡೆಡ್ ವಿಂಗ್ಸ್' ಎಂದು ಹಾಸ್ಯ ಮಾಡುತ್ತಿದ್ದರು. 1986ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲೇ ಐಜರ್‌ಮನ್ ನಾಯಕರಾದರು. 2006ರಲ್ಲಿ ನಿವೃತ್ತರಾಗುವವರೆಗೂ ಅವರೇ ನಾಯಕರು. ಲೀಗ್‌ನ ಇತಿಹಾಸದಲ್ಲಿ ಒಂದೇ ತಂಡವನ್ನು ಅಷ್ಟು ದೀರ್ಘಕಾಲ ಮುನ್ನಡೆಸಿದವರು ಬೇರೆ ಇಲ್ಲ. 1,514 ಪಂದ್ಯಗಳಲ್ಲಿ 692 ಗೋಲು, 1,755 ಅಂಕಗಳು ಅವರ ಹೆಸರಿನಲ್ಲಿವೆ. ಈ ಅಂಕಿಗಳಿಗಿಂತ ಡೆಟ್ರಾಯ್ಟ್‌ನ ಜನರ ಮನಸ್ಸಿನಲ್ಲಿ ಉಳಿದದ್ದು 1997ರ ಸ್ಟಾನ್ಲಿ ಕಪ್. 42 ವರ್ಷಗಳ ನಂತರ ಬಂದ ಆ ಗೆಲುವನ್ನು 1998 ಮತ್ತು 2002ರ ಗೆಲುವುಗಳು ಹಿಂಬಾಲಿಸಿದವು.

ನಿವೃತ್ತಿಯ ನಂತರ ಅವರು ಅದೇ ತಂಡದ ಉಪಾಧ್ಯಕ್ಷರಾಗಿ ಆಡಳಿತವನ್ನು ಕಲಿತರು. ಆದರೆ ಮೇಲಿನ ಕುರ್ಚಿ ಖಾಲಿಯಿರಲಿಲ್ಲ. 1997ರಿಂದ ಅಲ್ಲಿದ್ದ ಕೆನ್ ಹಾಲೆಂಡ್ ಲೀಗ್‌ನ ಗೌರವಾನ್ವಿತ ಮ್ಯಾನೇಜರ್‌ಗಳಲ್ಲಿ ಒಬ್ಬರು. ಸ್ವಂತ ತಂಡವೊಂದನ್ನು ನಡೆಸಬೇಕೆಂದರೆ ಐಜರ್‌ಮನ್ ಹೊರಗೆ ಹೋಗಲೇಬೇಕಿತ್ತು. 2010ರಲ್ಲಿ ಟ್ಯಾಂಪಾ ತಂಡವನ್ನು ಕೊಂಡ ಜೆಫ್ ವಿನಿಕ್ ಅದೇ ಮೇ ತಿಂಗಳಲ್ಲಿ ಅವರನ್ನು ನೇಮಿಸಿದರು.

ಟ್ಯಾಂಪಾದಲ್ಲಿ ಎಂಟು ವರ್ಷ

ಸ್ಟೀವನ್ ಸ್ಟ್ಯಾಮ್ಕೋಸ್ ಮತ್ತು ವಿಕ್ಟರ್ ಹೆಡ್‌ಮನ್ ಎಂಬ ಇಬ್ಬರು ಪ್ರತಿಭಾವಂತರು ಅಲ್ಲಿ ಮೊದಲೇ ಇದ್ದರು. ಅವರ ಸುತ್ತ ಉಳಿದದ್ದನ್ನು ಕಟ್ಟಿದ್ದು ಐಜರ್‌ಮನ್ ಅವರ ಆಡಳಿತ. 2011ರ ಡ್ರಾಫ್ಟ್‌ನಲ್ಲಿ ನಿಕಿಟಾ ಕುಚೆರೋವ್ 58ನೆಯವರಾಗಿ, ಒಂಡ್ರೆಯ್ ಪಾಲಾಟ್ 208ನೆಯವರಾಗಿ ಆಯ್ಕೆಯಾದರು. 2012ರಲ್ಲಿ ಗೋಲಿ ಆಂಡ್ರೆ ವಸಿಲೆವ್‌ಸ್ಕಿ, 2014ರಲ್ಲಿ ಬ್ರೇಡನ್ ಪಾಯಿಂಟ್ ಬಂದರು. ಪಾಯಿಂಟ್ ಅವರ ಕ್ರಮಾಂಕ 79. ಇಷ್ಟು ತಡವಾದ ಸರದಿಗಳಲ್ಲಿ ಇಂಥ ಆಟಗಾರರು ದೊರೆಯುವುದು ಅಪರೂಪ. 2013ರಲ್ಲಿ ಲೀಗ್‌ನಲ್ಲಿ ಹಿಂದೆ ತಂಡ ನಡೆಸದ ಜಾನ್ ಕೂಪರ್ ತರಬೇತುದಾರರಾದರು. 2015ರಲ್ಲಿ ತಂಡ ಫೈನಲ್ ತಲುಪಿ ಷಿಕಾಗೊ ವಿರುದ್ಧ ಸೋತಿತು; ಆ ವರ್ಷದ ಶ್ರೇಷ್ಠ ಜನರಲ್ ಮ್ಯಾನೇಜರ್ ಪ್ರಶಸ್ತಿ ಐಜರ್‌ಮನ್ ಅವರಿಗೆ ಸಂದಿತು.

ಕಹಿ ಪ್ರಸಂಗಗಳೂ ಇದ್ದವು. ಐಜರ್‌ಮನ್ 2014ರ ಒಲಿಂಪಿಕ್ಸ್‌ಗೆ ಕೆನಡಾ ತಂಡವನ್ನೂ ಆರಿಸುವವರಾಗಿದ್ದರು. ಮೊದಲ ಪಟ್ಟಿಯಲ್ಲಿ ಟ್ಯಾಂಪಾದ ತಮ್ಮದೇ ನಾಯಕ ಮಾರ್ಟಿನ್ ಸೇಂಟ್ ಲೂಯಿ ಅವರನ್ನು ಕೈಬಿಟ್ಟರು. ಸ್ಟ್ಯಾಮ್ಕೋಸ್ ಗಾಯದಿಂದ ಹಿಂದೆ ಸರಿದಾಗ ಸೇಂಟ್ ಲೂಯಿ ಅವರಿಗೆ ಅವಕಾಶ ಸಿಕ್ಕಿತಾದರೂ ಮನಸ್ಸು ಮುರಿದಿತ್ತು. ಮಾರ್ಚ್‌ನಲ್ಲಿ ಅವರು ನ್ಯೂಯಾರ್ಕ್ ರೇಂಜರ್ಸ್ ತಂಡಕ್ಕೆ ಹೋದರು. ಹಾಗೆಯೇ ತಂಡ 2016 ಮತ್ತು 2018ರಲ್ಲಿ ಫೈನಲ್‌ನ ಹೊಸ್ತಿಲಲ್ಲಿ ಎಡವಿತು. ಐಜರ್‌ಮನ್ ಅಲ್ಲಿದ್ದಷ್ಟು ಕಾಲ ಕಪ್ ಬರಲಿಲ್ಲ.

ಹೋಗುವರೋ, ಉಳಿಯುವರೋ

ಬೇರೆ ತಂಡದೊಂದಿಗೆ ಒಪ್ಪಂದದಲ್ಲಿರುವ ಅಧಿಕಾರಿಯನ್ನು ಅನುಮತಿಯಿಲ್ಲದೆ ಸಂಪರ್ಕಿಸುವುದಕ್ಕೆ ಲೀಗ್‌ನ ನಿಯಮಗಳು ಅವಕಾಶ ಕೊಡುವುದಿಲ್ಲ. ಆದ್ದರಿಂದ ಡೆಟ್ರಾಯ್ಟ್ ಬಹಿರಂಗವಾಗಿ ಏನನ್ನೂ ಹೇಳುವಂತಿರಲಿಲ್ಲ. ಐಜರ್‌ಮನ್ ಸ್ವಭಾವತಃ ಮಿತಭಾಷಿ. ಈ ಎರಡು ಮೌನಗಳ ನಡುವೆ ಊಹಾಪೋಹ ಬೆಳೆಯಿತು.

ಊಹೆಗೆ ಆಧಾರವಿತ್ತು. ಅವರ ಕುಟುಂಬ ಡೆಟ್ರಾಯ್ಟ್ ಪ್ರದೇಶದಲ್ಲೇ ನೆಲೆಸಿತ್ತು. ಅವರು ಫ್ಲಾರಿಡಾಕ್ಕೆ ಹೋಗಿಬರುತ್ತಿದ್ದರು. 25 ವರ್ಷ ಸತತವಾಗಿ ಪ್ಲೇಆಫ್ ತಲುಪಿದ್ದ ರೆಡ್ ವಿಂಗ್ಸ್‌ನ ಸರಣಿ 2017ರಲ್ಲಿ ಮುರಿಯಿತು. ಆ ಫೆಬ್ರವರಿಯಲ್ಲೇ ಮೈಕ್ ಇಲಿಚ್ ನಿಧನರಾಗಿ ಆಡಳಿತ ಮಗ ಕ್ರಿಸ್ಟೊಫರ್ ಇಲಿಚ್ ಕೈಗೆ ಬಂದಿತ್ತು. ಇದಕ್ಕೆ ವಿರುದ್ಧವಾದ ಸೂಚನೆಗಳೂ ಇದ್ದವು. 2018ರ ಏಪ್ರಿಲ್‌ನಲ್ಲಿ ಹಾಲೆಂಡ್ ಅವರ ಒಪ್ಪಂದವನ್ನು ಡೆಟ್ರಾಯ್ಟ್ ಎರಡು ವರ್ಷ ವಿಸ್ತರಿಸಿದಾಗ ಬಾಗಿಲು ಮುಚ್ಚಿತೆಂದೇ ಅನೇಕರು ತಿಳಿದರು. ಜುಲೈನಲ್ಲಿ ಐಜರ್‌ಮನ್ ಕುಚೆರೋವ್ ಅವರೊಂದಿಗೆ ಎಂಟು ವರ್ಷಗಳ, 7.6 ಕೋಟಿ ಡಾಲರ್‌ಗಳ ಒಪ್ಪಂದ ಮಾಡಿಕೊಂಡರು. ಬಿಟ್ಟು ಹೋಗುವವನು ಇಷ್ಟು ದೂರದ ಯೋಜನೆ ಹಾಕುವನೇ ಎಂದು ಟ್ಯಾಂಪಾದ ಜನ ಸಮಾಧಾನಪಟ್ಟುಕೊಂಡಿರಬೇಕು.

ಎರಡೇ ತಿಂಗಳಲ್ಲಿ ಅವರು ಕೆಳಗಿಳಿದರು. ತಮ್ಮ ಒಪ್ಪಂದದಲ್ಲಿ ಇನ್ನೊಂದು ವರ್ಷ ಉಳಿದಿತ್ತು. ಕುಟುಂಬದೊಂದಿಗೆ ಹೆಚ್ಚು ಸಮಯ ಕಳೆಯಬೇಕೆಂಬುದು ಅವರು ನೀಡಿದ ಕಾರಣ. ಸಹಾಯಕರಾಗಿದ್ದ ಜೂಲಿಯನ್ ಬ್ರಿಸ್‌ಬ್ವಾ ಹುದ್ದೆಗೆ ಬಂದರು, ಐಜರ್‌ಮನ್ ಆ ಋತುವಿಗೆ ಸಲಹೆಗಾರರಾಗಿ ಉಳಿದರು. ಇದು ಒಪ್ಪಂದ ಮುಗಿದ ದಿನ ಎದ್ದು ನಡೆದಂತಲ್ಲ. ಋತು ಆರಂಭವಾಗುವ ಮೊದಲೇ ಉತ್ತರಾಧಿಕಾರಿಗೆ ಜಾಗ ಬಿಟ್ಟುಕೊಟ್ಟು, ಮಾಲೀಕನಿಗೆ ಮುಜುಗರವಾಗದಂತೆ ನಿರ್ಗಮಿಸಿದ ರೀತಿ ಅದು. ನಂಬಿಕೆದ್ರೋಹ ಎಂಬ ಮಾತಿಗೆ ಇಲ್ಲಿ ಹೆಚ್ಚು ಆಧಾರ ಕಾಣುವುದಿಲ್ಲ.

ಮರಳಿದ ನಂತರ

2018–19ರಲ್ಲಿ ಟ್ಯಾಂಪಾ 62 ಪಂದ್ಯಗಳನ್ನು ಗೆದ್ದು 128 ಅಂಕ ಗಳಿಸಿತು; ಆದರೆ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಕೊಲಂಬಸ್ ತಂಡಕ್ಕೆ ನಾಲ್ಕಕ್ಕೆ ನಾಲ್ಕೂ ಪಂದ್ಯ ಸೋತಿತು. ಅದೇ ವಾರ ಡೆಟ್ರಾಯ್ಟ್ ಐಜರ್‌ಮನ್ ಅವರ ನೇಮಕವನ್ನು ಪ್ರಕಟಿಸಿತು. ಹಿರಿಯ ಉಪಾಧ್ಯಕ್ಷ ಸ್ಥಾನಕ್ಕೆ ಸರಿದ ಹಾಲೆಂಡ್ ಮುಂದಿನ ತಿಂಗಳೇ ಎಡ್ಮಂಟನ್ ತಂಡಕ್ಕೆ ಹೋದರು.

ಟ್ಯಾಂಪಾ 2020 ಮತ್ತು 2021ರಲ್ಲಿ ಸತತವಾಗಿ ಸ್ಟಾನ್ಲಿ ಕಪ್ ಗೆದ್ದಿತು. ಕುಚೆರೋವ್, ಪಾಯಿಂಟ್, ಪಾಲಾಟ್, ವಸಿಲೆವ್‌ಸ್ಕಿ ಎಲ್ಲರೂ ಆ ತಂಡಗಳಲ್ಲಿದ್ದರು. ಬ್ರಿಸ್‌ಬ್ವಾ ತಮ್ಮದೇ ವಿನಿಮಯಗಳಿಂದ ತಂಡಕ್ಕೆ ಗಟ್ಟಿತನ ತಂದದ್ದೂ ನಿಜ. ಶ್ರೇಯವನ್ನು ಪೂರ್ತಿ ಒಬ್ಬರಿಗೇ ಕೊಡಲಾಗದು.

ಡೆಟ್ರಾಯ್ಟ್‌ನ ದಾರಿ ಕಠಿಣವಾಗಿತ್ತು. ಅವರ ಮೊದಲ ಋತುವಿನಲ್ಲಿ ತಂಡ 71 ಪಂದ್ಯಗಳಿಂದ ಕೇವಲ 39 ಅಂಕ ಪಡೆದು ಕೊನೆಯ ಸ್ಥಾನಕ್ಕಿಳಿಯಿತು. ಹಾಗಿದ್ದೂ ಲಾಟರಿಯಲ್ಲಿ ಅದೃಷ್ಟ ಕೈಕೊಟ್ಟು ಡ್ರಾಫ್ಟ್‌ನ ನಾಲ್ಕನೆಯ ಸರದಿ ದೊರೆಯಿತು; ಅದರಲ್ಲಿ ಲೂಕಸ್ ರೇಮಂಡ್ ಅವರನ್ನು ಆರಿಸಲಾಯಿತು. 2019ರಲ್ಲಿ ಆಯ್ಕೆಯಾದ ಜರ್ಮನಿಯ ರಕ್ಷಣಾ ಆಟಗಾರ ಮೊರಿಟ್ಜ್ ಸೈಡರ್ 2022ರಲ್ಲಿ ಲೀಗ್‌ನ ಶ್ರೇಷ್ಠ ಹೊಸ ಆಟಗಾರರೆನಿಸಿದರು. 2023–24ರಲ್ಲಿ ತಂಡ ವಾಷಿಂಗ್ಟನ್ ತಂಡದಂತೆಯೇ 91 ಅಂಕ ಗಳಿಸಿತು. ನಿಗದಿತ ಅವಧಿಯಲ್ಲಿ ಗೆದ್ದ ಪಂದ್ಯಗಳ ಲೆಕ್ಕದಲ್ಲಿ ಹಿಂದೆ ಬಿದ್ದುದರಿಂದ ಪ್ಲೇಆಫ್ ತಪ್ಪಿತು. 2024ರ ಡಿಸೆಂಬರ್‌ನಲ್ಲಿ ಐಜರ್‌ಮನ್ ತರಬೇತುದಾರ ಡೆರೆಕ್ ಲಲೋಂಡ್ ಅವರನ್ನು ತೆಗೆದು ಟಾಡ್ ಮೆಕ್ಲೆಲನ್ ಅವರನ್ನು ನೇಮಿಸಿದರು. 2024–25ರ ಋತುವಿನಲ್ಲಿಯೂ ತಂಡ ಪ್ಲೇಆಫ್ ತಲುಪಲಿಲ್ಲ. ಅದು ಸತತ ಒಂಬತ್ತನೆಯ ವರ್ಷ.