ಶುಕ್ರವಾರ ಚೀಟಿ, ಭಾನುವಾರ ಸಿನಿಮಾ

ಶುಕ್ರವಾರ ಸಂಜೆ ಚೀಟಿ ಎತ್ತಿದರೆ ಭಾನುವಾರ ಸಂಜೆಗೆ ಸಿನಿಮಾ ರೆಡಿ ಇರಬೇಕು. 2001ರಲ್ಲಿ ವಾಷಿಂಗ್ಟನ್‌ನಲ್ಲಿ ಶುರುವಾದ ‘48 ಅವರ್ ಫಿಲ್ಮ್ ಪ್ರಾಜೆಕ್ಟ್’ ಸ್ಪರ್ಧೆಯ ನಿಯಮವಿದು. ಕಾಮಿಡಿಯೋ, ಹಾರರೋ ಎಂಬುದನ್ನು ಚೀಟಿ ಹೇಳುತ್ತದೆ. ಆ ಊರಿನ ಎಲ್ಲ ತಂಡಗಳಿಗೂ ಒಂದೇ ಪಾತ್ರ, ಒಂದೇ ವಸ್ತು, ಒಂದೇ ಡೈಲಾಗ್ ಕೊಡುತ್ತಾರೆ. ಅವಧಿ 4ರಿಂದ 7 ನಿಮಿಷ.

ಇದೇ ನಿಯಮ ಹಾಕಿಕೊಂಡು ನಾವು ಐದು ಜನ ಹಾಸ್ಟೆಲ್‌ನಲ್ಲೇ ಒಂದು ಸಿನಿಮಾ ಮಾಡಿದೆವು. ಸೋಮವಾರ ಇಂಟರ್ನಲ್ಸ್ ಇತ್ತು, ಅದು ಬೇರೆ ಮಾತು!

ಮೊಬೈಲ್‌ನಲ್ಲಿ ಚಿತ್ರ ಚೆನ್ನಾಗಿಯೇ ಬರುತ್ತದೆ. ಕೈಕೊಡುವುದು ಧ್ವನಿ. ಫ್ಯಾನ್ ಆಫ್ ಮಾಡಿ, ಇನ್ನೊಂದು ಮೊಬೈಲನ್ನು ನಟನ ಜೇಬಿನಲ್ಲಿ ರೆಕಾರ್ಡಿಂಗ್‌ಗೆ ಇಟ್ಟು, ಪ್ರತಿ ಶಾಟ್‌ಗೂ ಮೊದಲು ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ ತಟ್ಟಿ. ಎಡಿಟಿಂಗ್‌ನಲ್ಲಿ ಆ ಸದ್ದಿಗೆ ಚಿತ್ರ ಹೊಂದಿಸಿದರೆ ತುಟಿಗೂ ಮಾತಿಗೂ ತಾಳೆಯಾಗುತ್ತದೆ. ಕ್ಲಾಪ್ ಬೋರ್ಡ್ ಇರುವುದು ಶೋಕಿಗಲ್ಲ. ಖಾಲಿ ರೂಮಿನ ಮೌನವನ್ನೂ ಅರ್ಧ ನಿಮಿಷ ರೆಕಾರ್ಡ್ ಮಾಡಿಕೊಳ್ಳಿ, ಮಾತುಗಳ ನಡುವೆ ತೇಪೆ ಹಾಕಲು ಬೇಕಾಗುತ್ತದೆ.

ಜಗಳ ಶುರುವಾಗಿದ್ದು ಭಾನುವಾರ ಮಧ್ಯಾಹ್ನ. ಒಂಬತ್ತು ನಿಮಿಷದ್ದನ್ನು ಏಳಕ್ಕೆ ಇಳಿಸಬೇಕಿತ್ತು. ಬೆಳಗಿನ ಜಾವ ಎದ್ದು ತಾರಸಿ ಮೇಲೆ ತೆಗೆದ ಸೀನ್ ಮುಟ್ಟಲು ಯಾರಿಗೂ ಮನಸ್ಸಿಲ್ಲ. ಅದರಲ್ಲಿ ನಟಿಸಿದ ಗೆಳೆಯನೇ ಕೊನೆಗೆ, ‘ತೆಗೀರೋ, ಕಥೆಗೆ ಅದು ಬೇಡ’ ಅಂದ. ಇಡೀ ಸಿನಿಮಾದಲ್ಲಿ ಅವನಿಗಿದ್ದದ್ದು ಅದೊಂದೇ ಸೀನ್. ಟೈಟಲ್ ಕಾರ್ಡ್‌ನಲ್ಲಿ ಅವನ ಹೆಸರನ್ನೇ ಮೊದಲು ಹಾಕಿದೆವು.