ಪೀಸಾ ಗೋಪುರವೂ ನಮ್ಮನೆಯ ಗೋಲಿಯೂ

ನಮ್ಮನೆ ಫ್ರಿಜ್ಜಿನ ಬಾಗಿಲ ಮೇಲೆ ಒಂದು ಫೋಟೊ ಇದೆ. 2018ರಲ್ಲಿ ಮಗಳ ಜೊತೆ ಇಟಲಿಗೆ ಹೋದಾಗ ತೆಗೆದದ್ದು. ನಮ್ಮನೆಯವರು ಎರಡೂ ಕೈ ಚಾಚಿ, ಪೀಸಾದ ವಾಲು ಗೋಪುರ ಬೀಳದ ಹಾಗೆ ತಡೆದು ನಿಂತಿದ್ದಾರೆ. ಅಲ್ಲಿಗೆ ಹೋದವರೆಲ್ಲ ತೆಗೆಸಿಕೊಳ್ಳೋ ಫೋಟೊನೇ ಬಿಡಿ. ಬಂದವರಿಗೆಲ್ಲ ತೋರಿಸಿ ನಗ್ತಾ ಇದ್ವಿ. ಹೋದ ವರ್ಷ ಮಳೆಗಾಲ ಮುಗಿಯೋ ಹೊತ್ತಿಗೆ ಆ ನಗು ನಿಂತುಹೋಯಿತು.

ನಮ್ಮದು ಬಿಟಿಎಂ ಲೇಔಟಿನ ಎರಡನೇ ಹಂತದಲ್ಲಿ, ಮೂವತ್ತು-ನಲವತ್ತು ಸೈಟಿನಲ್ಲಿ 1991ರಲ್ಲಿ ಕಟ್ಟಿಸಿದ ಮನೆ. ಸೈಜುಗಲ್ಲಿನ ಪಾಯ, ಇಟ್ಟಿಗೆ ಗೋಡೆ, ಕೆಳಗೊಂದು ಮೇಲೊಂದು. ಪಕ್ಕದ ಸೈಟಿನಲ್ಲಿ ಸೆಲ್ಲಾರಿಗೆ ಅಂತ ಜೆಸಿಬಿ ತಂದು ಆಳಕ್ಕೆ ಅಗೆದರು. ಆ ಗುಂಡಿಯಲ್ಲಿ ಎರಡು ವಾರ ಮಳೆನೀರು ನಿಂತಿತ್ತು. ಅದಾಗಿ ಸ್ವಲ್ಪ ದಿನಕ್ಕೆ ಅಡುಗೆಮನೆ ಬಾಗಿಲಿನ ಚಿಲಕ ಕೂರದೇ ಹೋಯಿತು. ಮಳೆಗೆ ಮರ ಉಬ್ಬಿರಬೇಕು ಅಂದುಕೊಂಡೆ. ಒಂದು ಸಂಜೆ ಮೊಮ್ಮಗಳು ಹಾಲಿನಲ್ಲಿ ಕೂತು, "ಅಜ್ಜಿ, ಗೋಲಿ ತಾನೇ ತಾನಾಗಿ ಹೋಗತ್ತೆ ನೋಡು" ಅಂದಳು. ಎಲ್ಲಿಂದ ಬಿಟ್ಟರೂ ಗೋಲಿ ಪಕ್ಕದ ಸೈಟಿನ ಕಡೆಯ ಗೋಡೆಗೇ ಉರುಳುತ್ತಿತ್ತು. ಆ ಗೋಡೆಯ ಕಿಟಕಿ ಮೂಲೆಯಿಂದ ಓರೆಯಾಗಿ ಒಂದು ಬಿರುಕು. ಹೊಸದು.

ಆ ಹೊತ್ತಿಗೆ ಮನೆಯಲ್ಲಿ ಬೇರೆಯೇ ಲೆಕ್ಕಾಚಾರ ನಡೆದಿತ್ತು. ಇನ್ನೆರಡು ಅಂತಸ್ತು ಏರಿಸೋದು, ಒಂದರಲ್ಲಿ ಮಗನ ಸಂಸಾರ, ಇನ್ನೊಂದು ಬಾಡಿಗೆಗೆ. ಬ್ಯಾಂಕಿನ ಸಾಲಕ್ಕೆ ಕಾಗದಪತ್ರವೂ ರೆಡಿ. ನಮ್ಮನೆಯವರು ಮಾತ್ರ ಮೊದಲಿಂದಲೂ ಬೇಡ ಅಂತಿದ್ದರು. ನನಗೆ ಬೇಕೇ ಬೇಕಿತ್ತು. ಅಂತಸ್ತು ಏರಿದರೆ ಮಗ, ಸೊಸೆ, ಮೊಮ್ಮಗಳು ಇಲ್ಲೇ ಉಳೀತಾರೆ. ಇಲ್ಲದಿದ್ರೆ ಬೇರೆ ಮನೆ ನೋಡ್ಕೋತಾರೆ. ಈ ವಿಷಯಕ್ಕೆ ನಾನೂ ಅವರೂ ಸರಿಯಾಗಿ ಮಾತಾಡಿ ಎಷ್ಟೋ ದಿನ ಆಗಿತ್ತು.

ಬಿರುಕು ನೋಡೋಕೆ ಬಂದ ಇಂಜಿನಿಯರು ಗೋಡೆ ಮುಟ್ಟುವ ಮುಂಚೆ ಫ್ರಿಜ್ಜಿನ ಮೇಲಿನ ಫೋಟೊ ನೋಡಿ ನಕ್ಕರು. "ಅಮ್ಮಾ, ಈ ಗೋಪುರದ್ದು ಕಲ್ಲಿನ ತಪ್ಪಲ್ಲ, ಕಟ್ಟಿದವರ ಕೈದೂ ಅಲ್ಲ. ಎಲ್ಲಾ ಕೆಳಗಿನ ಮಣ್ಣಿಂದು. ನಿಮ್ಮನೆ ಕೆಳಗೆ ಏನಿದೆ ಗೊತ್ತಾ?" ಅಂದರು. ಗೊತ್ತಿರಲಿಲ್ಲ. ಮಣ್ಣಿನ ಪರೀಕ್ಷೆ ಮಾಡಿಸಿ ಅಂತ ಹೇಳಿ ಹೋದರು. ವರದಿ ಬರೋವರೆಗೆ ನಾನು ಆ ಗೋಪುರದ ಕಥೆ ಹುಡುಕಿ ಓದಿದೆ. ಮುಂದೆ ನಿಂತು ಫೋಟೊ ಹೊಡೆಸಿಕೊಂಡು ಬಂದವಳಿಗೆ ಅದರ ಬಗ್ಗೆ ಏನೂ ಗೊತ್ತಿರಲಿಲ್ಲ ಅಂತ ಆಗಲೇ ತಿಳಿದದ್ದು.

ಅದು ಚರ್ಚಿನ ಗಂಟೆ ಗೋಪುರ. ಪಾಯ ಹಾಕಿದ್ದು 1173ರಲ್ಲಿ. ಎತ್ತರ ಸುಮಾರು 56 ಮೀಟರ್, ತೂಕ ಹದಿನಾಲ್ಕು ಸಾವಿರ ಟನ್ನಿಗೂ ಹೆಚ್ಚು. ಅಷ್ಟು ಭಾರಕ್ಕೆ ಪಾಯದ ಆಳ ಬರೀ ಮೂರು ಮೀಟರ್! ಕೆಳಗಿರೋದು ನದಿ ಮತ್ತು ಸಮುದ್ರ ತಂದು ಹಾಕಿದ ಮೆತ್ತನೆ ಮಣ್ಣು, ಜೇಡಿ. ಹತ್ತಿಯ ಹಾಸಿಗೆ ಮೇಲೆ ನೀರು ತುಂಬಿದ ಚೊಂಬು ಇಟ್ಟ ಹಾಗೆ. ಸ್ವಲ್ಪ ಒಂದು ಕಡೆ ತಗ್ಗಿತೋ, ಭಾರವೂ ಆ ಕಡೆಗೇ ಸರಿಯತ್ತೆ, ಇನ್ನಷ್ಟು ತಗ್ಗತ್ತೆ.

ನಾಲ್ಕನೇ ಹಂತಕ್ಕೆ ಬಂದಾಗ, 1178ರಲ್ಲಿ ಕೆಲಸ ನಿಂತಿತು. ಮತ್ತೆ ಶುರುವಾಗಿದ್ದು 1272ರಲ್ಲಿ. ಸುಮಾರು ನೂರು ವರ್ಷ ಅರ್ಧ ಗೋಪುರ ಹಾಗೇ ನಿಂತಿತ್ತು. ಆ ಕೆಲಸ ನಿಂತದ್ದೇ ಗೋಪುರವನ್ನು ಉಳಿಸಿತು ಅಂತಾರೆ ತಿಳಿದವರು. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದರೆ ನೀರು ಇಳಿದು ಗಟ್ಟಿಯಾಗಲ್ವೇ, ಹಾಗೆ ಭಾರ ಹೊತ್ತ ಜೇಡಿಮಣ್ಣು ನಿಧಾನವಾಗಿ ನೀರು ಬಿಟ್ಟು ಬಿಗಿಯಾಯಿತು. ಒಂದೇ ಉಸಿರಿಗೆ ಕಟ್ಟಿ ಮುಗಿಸಿದ್ದರೆ ಗೋಪುರ ಅಂದೇ ಬೀಳುತ್ತಿತ್ತು.

ಮೊದಲು ಅದು ಉತ್ತರಕ್ಕೆ ಸ್ವಲ್ಪ ವಾಲಿ, ಆಮೇಲೆ ದಕ್ಷಿಣಕ್ಕೆ ತಿರುಗಿತು. ಮೇಸ್ತ್ರಿಗಳು ವಾಲಿದ ಕಡೆ ಕಲ್ಲು ಸ್ವಲ್ಪ ಎತ್ತರಿಸಿ ಸರಿಮಾಡ್ತಾ ಹೋದರು. ಅದಕ್ಕೇ ಗೋಪುರ ನೆಟ್ಟಗಿನ ಕೋಲಿನ ಹಾಗೆ ವಾಲಿಲ್ಲ, ಬಾಳೆಹಣ್ಣಿನ ಹಾಗೆ ಒಂಚೂರು ಬಾಗಿದೆ. ಗಂಟೆಗಳ ಮನೆ ಮುಗಿಯುವಾಗ ಹದಿನಾಲ್ಕನೇ ಶತಮಾನವೂ ಅರ್ಧ ದಾಟಿತ್ತು.

ಸರಿಮಾಡಲು ಹೋಗಿ ಕೆಡಿಸಿದ ಕಥೆಗಳೂ ಇವೆ. 1838ರಲ್ಲಿ, ಹೂತುಹೋದ ಬುಡ ಜನರಿಗೆ ಕಾಣಲಿ ಅಂತ ಸುತ್ತ ಅಗೆದರು. ಗೋಪುರ ಇನ್ನಷ್ಟು ವಾಲಿತು. (ಪಕ್ಕದ ಸೈಟಿನ ಗುಂಡಿ ನೆನಪಾಗಿ ಎದೆ ಝಲ್ಲೆಂದಿತು ನನಗೆ.) 1934ರಲ್ಲಿ ಮುಸೊಲಿನಿ ಸರ್ಕಾರ ಪಾಯಕ್ಕೆ ನೂರಾರು ತೂತು ಕೊರೆಸಿ ಸಿಮೆಂಟ್ ತುಂಬಿಸಿತು. ಆಗಲೂ ವಾಲಿಕೆ ಹೆಚ್ಚಾಯಿತೇ ವಿನಾ ಕಡಿಮೆ ಆಗಲಿಲ್ಲ.

1989ರಲ್ಲಿ ಇಟಲಿಯ ಪಾವಿಯಾ ಊರಿನ ಹಳೇ ಗೋಪುರವೊಂದು ಕುಸಿದು ನಾಲ್ವರು ತೀರಿಹೋದರು. ಮರುವರ್ಷ ಜನವರಿಯಲ್ಲಿ ಪೀಸಾ ಗೋಪುರಕ್ಕೆ ಬೀಗ ಬಿತ್ತು. ಆಗ ಅದರ ವಾಲಿಕೆ ಸುಮಾರು ಐದೂವರೆ ಡಿಗ್ರಿ. ತಜ್ಞರ ಸಮಿತಿ ಕೂತಿತು. ಲಂಡನ್ನಿನ ಮಣ್ಣಿನ ತಜ್ಞ ಜಾನ್ ಬರ್ಲೆಂಡ್ ಅದರಲ್ಲಿ ಒಬ್ಬರು. 1993ರಲ್ಲಿ ಎತ್ತರದ ಕಡೆಗೆ, ಅಂದರೆ ಉತ್ತರಕ್ಕೆ, 600 ಟನ್ ಸೀಸದ ಗಟ್ಟಿಗಳನ್ನು ಪೇರಿಸಿದರು. ವಾಲೋದು ನಿಂತಿತು. ಆದರೆ ಸೀಸದ ರಾಶಿ ನೋಡೋಕೆ ಚೆನ್ನಾಗಿಲ್ಲ ಅಂತ 1995ರಲ್ಲಿ ನೆಲ ಹೆಪ್ಪುಗಟ್ಟಿಸಿ ಬೇರೇನೋ ಮಾಡಹೊರಟರು. ಒಂದು ವರ್ಷದಲ್ಲಿ ವಾಲುವಷ್ಟನ್ನು ಗೋಪುರ ಒಂದೇ ರಾತ್ರಿಯಲ್ಲಿ ವಾಲಿತು. ಗಡಿಬಿಡಿಯಲ್ಲಿ ಇನ್ನೂ 300 ಟನ್ ಸೀಸ ಹೇರಿ ನಿಲ್ಲಿಸಿದರು.

ಕೊನೆಗೆ ಕೈಹಿಡಿದದ್ದು ಬಲು ಸರಳ ಉಪಾಯ. ತಗ್ಗಿದ ಕಡೆ ಎತ್ತಲಿಲ್ಲ. ಎತ್ತರದ ಕಡೆಯ ನೆಲದಡಿಯಿಂದ ಮಣ್ಣು ತೆಗೆದರು. ಓರೆಯಾಗಿ ಕೊಳವೆ ಇಳಿಸಿ, ದಿನಕ್ಕೆ ಸ್ವಲ್ಪ ಸ್ವಲ್ಪ, ಅಳತೆ ನೋಡುತ್ತಾ. 1999ರಿಂದ 2001ರವರೆಗೆ ತೆಗೆದ ಮಣ್ಣು ಒಟ್ಟು 38 ಘನ ಮೀಟರ್, ಕೆಲವೇ ಲಾರಿ ಲೋಡು! ಅಷ್ಟಕ್ಕೇ ಗೋಪುರ ಅರ್ಧ ಡಿಗ್ರಿ ಹಿಂದಕ್ಕೆ ಬಂತು, ತುದಿಯಲ್ಲಿ ಹೆಚ್ಚುಕಡಿಮೆ ಒಂದೂವರೆ ಅಡಿ. 2001ರ ಡಿಸೆಂಬರ್‌ನಲ್ಲಿ ಮತ್ತೆ ಬಾಗಿಲು ತೆರೆಯಿತು. ಪೂರ್ತಿ ನೆಟ್ಟಗೆ ಮಾಡಲಿಲ್ಲ. ಆ ವಾಲಿಕೆ ನೋಡೋಕೇ ತಾನೇ ಜನ ಬರೋದು?

ಇನ್ನೊಂದು ವಿಚಿತ್ರ ಕೇಳಿ. ಆ ಜಾಗದಲ್ಲಿ ಜೋರು ಭೂಕಂಪಗಳು ಆಗಿದ್ದರೂ ಗೋಪುರ ಉಳಿದದ್ದು ಹೇಗೆ ಅಂತ 2018ರಲ್ಲಿ ಇಂಜಿನಿಯರುಗಳು ಕಾರಣ ಹೇಳಿದರು. ಬಿಗಿಯಾದ ಎತ್ತರದ ಗೋಪುರ, ಬುಡದಲ್ಲಿ ಮೆತ್ತನೆ ಮಣ್ಣು. ಹಾಗಾಗಿ ನೆಲ ನಡುಗುವ ಲಯಕ್ಕೆ ಗೋಪುರ ಕುಣಿಯೋದಿಲ್ಲವಂತೆ. ವಾಲಿಸಿದ ಮಣ್ಣೇ ಕಾಪಾಡಿದೆ.

ಅಷ್ಟರಲ್ಲಿ ನಮ್ಮ ಮಣ್ಣಿನ ವರದಿ ಬಂತು. ಎಂಟು ಅಡಿವರೆಗೆ ತಂದು ತುಂಬಿದ ಮಣ್ಣು. ಅದರ ಕೆಳಗೆ ಕಪ್ಪು ಗೋಡು. "ಕೆರೆ ಅಂಗಳದ ಮಣ್ಣಮ್ಮಾ ಇದು" ಅಂದರು ಇಂಜಿನಿಯರು. ನಮ್ಮನೆಯವರು ಆಗ ಬಾಯಿಬಿಟ್ಟರು: "ಸೈಟು ನೋಡೋಕೆ ಬಂದಾಗ ಇಲ್ಲಿ ಕಪ್ಪೆ ಕೂಗ್ತಿದ್ದವು. ಅದಕ್ಕೇ ಬೇಡ ಅಂತಿದ್ದೆ." ಬಿಟಿಎಂ ಅಂದರೇನು? ಭೈರಸಂದ್ರ, ತಾವರೆಕೆರೆ, ಮಡಿವಾಳ. ಹೆಸರಿನಲ್ಲೇ ಕೆರೆ ಇದೆ! ಸಾರಕ್ಕಿ, ಪುಟ್ಟೇನಹಳ್ಳಿ, ಯಡಿಯೂರು, ನಮ್ಮ ಈ ಕಡೆಯ ಬಡಾವಣೆಗಳೆಲ್ಲ ಕೆರೆಗಳ ಮಗ್ಗುಲಲ್ಲೇ ಬೆಳೆದವು. 2021ರ ಸೆಪ್ಟೆಂಬರ್‌ನಲ್ಲಿ ಇಲ್ಲೇ ಹತ್ತಿರದ ಲಕ್ಕಸಂದ್ರದಲ್ಲಿ ಹಳೇ ಕಟ್ಟಡ ಕುಸಿದದ್ದನ್ನು ಟಿವಿಯಲ್ಲಿ ನೋಡಿದ್ದು ನೆನಪಿರಬಹುದು. ಒಳಗಿದ್ದವರು ಮೊದಲೇ ಹೊರಬಂದಿದ್ದರಿಂದ ಜೀವ ಉಳಿಯಿತು. ಮುಂದಿನ ತಿಂಗಳು ಕಮಲಾನಗರದಲ್ಲಿ ವಾಲಿದ ಕಟ್ಟಡವನ್ನು ಖಾಲಿ ಮಾಡಿಸಿ ಕೆಡವಬೇಕಾಯಿತು.

ನಮಗೆ ಹೇಳಿದ ಪಥ್ಯ ಇಷ್ಟು. ಪಕ್ಕದವರು ಮೊದಲು ತಡೆಗೋಡೆ ಕಟ್ಟಿ ಗುಂಡಿಯ ಅಂಚು ಭದ್ರ ಮಾಡಬೇಕು. ಕೂತು ಮಾತಾಡಿದೆವು, ಅವರು ಒಪ್ಪಿ ಕಟ್ಟಿಸಿದರು. ನಾವು ಆ ಮೂಲೆಯ ನೀರಿನ ಟ್ಯಾಂಕನ್ನು ಎದುರು ಮೂಲೆಗೆ ಸಾಗಿಸಬೇಕು, ಸೋರುವ ಸಂಪು ರಿಪೇರಿ ಮಾಡಿಸಬೇಕು, ತಾರಸಿ ನೀರು ಗೋಡೆ ಬುಡಕ್ಕೆ ಬೀಳದ ಹಾಗೆ ನೋಡಿಕೊಳ್ಳಬೇಕು. ಬಿರುಕಿನ ಮೇಲೆ ಅಡ್ಡಲಾಗಿ ಮೂರು ಸಣ್ಣ ಗಾಜಿನ ತುಂಡು ಅಂಟಿಸಿ ತಾರೀಖು ಬರೆದರು. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಅಂತ ಅರ್ಥ. ಅಂತಸ್ತಿನ ಮಾತು ಎತ್ತಲೇಬಾರದು.

ನಿಮ್ಮದೂ ಹಳೇ ಮನೆಯೇ? ಚಿಲಕ ಕೂರುತ್ತಾ, ಕಿಟಕಿ ಮೂಲೆಯಿಂದ ಓರೆ ಬಿರುಕು ಇದೆಯಾ, ಗೋಲಿ ಎತ್ತ ಹೋಗತ್ತೆ ನೋಡಿ. ಎಲ್ಲಾ ಬಿರುಕೂ ಅಪಾಯದ್ದಲ್ಲ, ಬೆಳೆಯೋ ಬಿರುಕು ಅಪಾಯ. ಅಂಥದ್ದು ಕಂಡರೆ ಬಣ್ಣ ಬಳಿದು ಮುಚ್ಚಬೇಡಿ, ತಿಳಿದ ಇಂಜಿನಿಯರಿಗೆ ತೋರಿಸಿ. ಅಂತಸ್ತು ಏರಿಸೋ ಆಸೆ ಇದ್ದರೆ ನಕ್ಷೆಗೂ ಮುಂಚೆ ಮಣ್ಣಿನ ಪರೀಕ್ಷೆ ಮಾಡಿಸಿ.

ಮಗ ಜೆಪಿ ನಗರದಲ್ಲಿ ಬಾಡಿಗೆ ಮನೆ ಹಿಡಿದ. ಸಾಮಾನು ಸಾಗಿಸಿದ ದಿನ ಅತ್ತೆ. ಆಮೇಲೆ ರಾತ್ರಿ ನಮ್ಮನೆಯವರಿಗೆ, "ನೀವು ಹೇಳಿದ್ದೇ ಸರಿ ಇತ್ತು ಕಣ್ರೀ" ಅಂದೆ. ಎತ್ತರದ ಕಡೆ ಇದ್ದವಳು ನಾನೇ, ತಗ್ಗಬೇಕಾದದ್ದೂ ನಾನೇ.

ಈ ಮಳೆಗಾಲವೂ ಕಳೆಯಿತು. ಮೂರು ಗಾಜಿನ ತುಂಡೂ ಹಾಗೇ ಇವೆ. ಭಾನುವಾರ ಮೊಮ್ಮಗಳು ಬಂದರೆ ಚಪ್ಪಲಿ ಬಿಟ್ಟವಳೇ ಹಾಲಿನಲ್ಲಿ ಗೋಲಿ ಬಿಟ್ಟು ನೋಡ್ತಾಳೆ. ಗೋಲಿ ಈಗಲೂ ಆ ಗೋಡೆಗೇ ಹೋಗತ್ತೆ. "ಅಜ್ಜಿ, ಹೋದ ಸಲದಷ್ಟೇ ನಿಧಾನ" ಅಂತ ವರದಿ ಕೊಡ್ತಾಳೆ. ನನಗೆ ಅಷ್ಟು ಸಾಕು.