ಪುಟ್ಟ ನಾಯಿಯ ತಟ್ಟೆಯ ಲೆಕ್ಕ: ಹಸಿ, ತಾಜಾ, ಒಣ – ಕೈಗೆಟುಕೋದು ಯಾವುದು?

ಇವತ್ತಿನ ಕಂತು ನಾಯಿ ಊಟದ ಬಗ್ಗೆ. ಅದರಲ್ಲೂ ಐದಾರು ಕೆಜಿ ತೂಗುವ, ಅಪಾರ್ಟ್‌ಮೆಂಟ್ ಮನೆಗೆ ಹೊಂದಿಕೊಳ್ಳುವ ಪುಟ್ಟ ನಾಯಿಗಳ ಊಟ. ನಾಯಿ ಮನೆಗೆ ಬಂದ ಮೊದಲ ವಾರದಲ್ಲೇ ಪ್ರಶ್ನೆ ಶುರುವಾಗುತ್ತೆ. ಪಕ್ಕದ ಮನೆಯವರು ಹಸಿ ಮಾಂಸ ಕೊಡ್ತಾರೆ, "ತೋಳದ ಆಹಾರ ಅದೇ" ಅಂತಾರೆ. ಜಾಹೀರಾತಿನಲ್ಲಿ ತಾಜಾ ಬೇಯಿಸಿದ ಊಟದ ಡಬ್ಬಿ ಮನೆಬಾಗಿಲಿಗೇ ಬರುತ್ತೆ. ಊರಿಂದ ಅಮ್ಮ ಫೋನಿನಲ್ಲಿ, "ಇಷ್ಟು ದುಡ್ಡು ಯಾಕೋ ಸುರೀತೀಯ? ನಮ್ಮನೇಲಿ ನಾಯಿ ಅನ್ನ ಹಾಲು ತಿಂದೇ ಬೆಳೀಲಿಲ್ವಾ?" ಅಂತಾರೆ. ಯಾರ ಮಾತು ಕೇಳೋಣ?

ಮೊದಲು ತೋಳದ ವಾದ ನೋಡೋಣ. ಹಸಿ ಊಟದ ಈಗಿನ ಅಲೆಗೆ ದೊಡ್ಡ ತಳ್ಳು ಕೊಟ್ಟವರು ಆಸ್ಟ್ರೇಲಿಯಾದ ಪಶುವೈದ್ಯ ಇಯಾನ್ ಬಿಲ್ಲಿಂಗ್‌ಹರ್ಸ್ಟ್. 1993ರಲ್ಲಿ ಅವರ ಪುಸ್ತಕ ಬಂತು. ನಾಯಿ ಒಳಗೊಳಗೆ ತೋಳವೇ, ಹಾಗಾಗಿ ಹಸಿ ಮಾಂಸ, ಹಸಿ ಮೂಳೆಯೇ ಅದಕ್ಕೆ ಸಹಜ ಅನ್ನೋದು ವಾದ. ಆದರೆ ಜೀನುಗಳು ಬೇರೆ ಕಥೆ ಹೇಳುತ್ತವೆ. ಪಿಷ್ಟವನ್ನು ಜೀರ್ಣಿಸುವ ಅಮೈಲೇಸ್ ಕಿಣ್ವ ತಯಾರಾಗೋದು ಎಎಂವೈ2ಬಿ ಅನ್ನುವ ಜೀನಿನಿಂದ. 2013ರಲ್ಲಿ ಸ್ವೀಡನ್ನಿನ ಎರಿಕ್ ಆಕ್ಸೆಲ್ಸನ್ ಮತ್ತು ಸಂಗಡಿಗರು ಲೆಕ್ಕ ಹಾಕಿದಾಗ ತೋಳಗಳಲ್ಲಿ ಈ ಜೀನಿನ ಎರಡೇ ಪ್ರತಿಗಳಿದ್ದವು, ನಾಯಿಗಳಲ್ಲಿ 4ರಿಂದ 30. ಅಂದ್ರೆ ಸಾವಿರಾರು ವರ್ಷ ಮನುಷ್ಯರ ಜೊತೆ ಬಾಳಿದ ಪ್ರಾಣಿ ನಮ್ಮ ಅನ್ನಕ್ಕೆ, ಮುದ್ದೆಗೆ ಒಗ್ಗಿಕೊಂಡಿದೆ. ಅಷ್ಟರ ಮಟ್ಟಿಗೆ ಅಮ್ಮ ಹೇಳಿದ್ದು ಸರಿ: ಬೇಯಿಸಿದ ಅನ್ನ ನಾಯಿಗೆ ವಿಷವಲ್ಲ. ಆದರೆ ಅನ್ನ ಜೀರ್ಣವಾಗೋದು ಬೇರೆ, ಅನ್ನ ಹಾಲಿನಿಂದ ಎಲ್ಲ ಪೋಷಣೆ ಸಿಗೋದು ಬೇರೆ. ತೊಡಕು ಇರೋದು ಅಲ್ಲೇ.

ಈಗ ಲೆಕ್ಕಕ್ಕೆ ಬರೋಣ. ವಿಶ್ರಾಂತಿಯಲ್ಲಿರುವ ನಾಯಿಗೆ ಬೇಕಾದ ಶಕ್ತಿಯನ್ನು ಪಶುವೈದ್ಯರು ಅಂದಾಜಿಸೋದು ಹೀಗೆ: ತೂಕದ 0.75ನೇ ಘಾತವನ್ನು 70ರಿಂದ ಗುಣಿಸೋದು. ಐದು ಕೆಜಿ ನಾಯಿಗೆ ಇದು ಸುಮಾರು 234 ಕಿಲೊಕ್ಯಾಲೊರಿ. ಸಂತಾನಹರಣ ಆಗಿರುವ ವಯಸ್ಕ ನಾಯಿಗೆ ಇದನ್ನು 1.4ರಿಂದ 1.6 ಪಟ್ಟು ಮಾಡಿದರೆ 330ರಿಂದ 375. ನಾವು 350 ಅಂತ ಇಟ್ಟುಕೊಳ್ಳೋಣ. 30 ಕೆಜಿ ಲ್ಯಾಬ್ರಡಾರ್ ತೂಕದಲ್ಲಿ ಆರು ಪಟ್ಟು ದೊಡ್ಡದು, ಆದರೆ ಅದರ ಊಟ ನಾಲ್ಕು ಪಟ್ಟಿಗೂ ಸ್ವಲ್ಪ ಕಡಿಮೆ. ಹಾಗಾಗಿ ಪುಟ್ಟ ನಾಯಿ ತನ್ನ ತೂಕಕ್ಕೆ ಹೋಲಿಸಿದರೆ ಹೆಚ್ಚು ತಿನ್ನುತ್ತೆ, ಒಟ್ಟಾರೆ ಮಾತ್ರ ಕಡಿಮೆ. ಒಳ್ಳೆ ಊಟ ಕೊಡಲು ಇದು ಅನುಕೂಲ. ಆದರೆ ತಟ್ಟೆ ಸಣ್ಣದಾದ್ದರಿಂದ ತಪ್ಪಿಗೆ ಜಾಗವೂ ಕಡಿಮೆ.

ಬೆಲೆ ನೋಡುವಾಗ ಒಂದು ಬಲೆ ಇದೆ. ಒಣ ಕಾಳಿನಂಥ ಆಹಾರದಲ್ಲಿ ನೀರು ಸುಮಾರು ನೂರಕ್ಕೆ ಹತ್ತು, ತಾಜಾ ಬೇಯಿಸಿದ್ದರಲ್ಲಿ ಸುಮಾರು ಎಪ್ಪತ್ತು. ಒಣದರಲ್ಲಿ ಕೆಜಿಗೆ 3,500 ಕಿಲೊಕ್ಯಾಲೊರಿ ಇದ್ದರೆ ತಾಜಾದಲ್ಲಿ 1,300ರ ಆಸುಪಾಸು. ಹಾಗಾಗಿ ಕೆಜಿ ಬೆಲೆ ಹೋಲಿಸಬೇಡಿ, 100 ಕಿಲೊಕ್ಯಾಲೊರಿಗೆ ಎಷ್ಟು ಅಂತ ನೋಡಿ. ಉದಾಹರಣೆಗೆ, ಒಣದ್ದು ಕೆಜಿಗೆ 8 ಡಾಲರ್, ತಾಜಾ 16 ಡಾಲರ್ ಅಂತಿಟ್ಟುಕೊಳ್ಳಿ. ನೋಡೋಕೆ ಎರಡು ಪಟ್ಟು. ಆದರೆ ದಿನಕ್ಕೆ 350ರ ಲೆಕ್ಕದಲ್ಲಿ ಒಣದಕ್ಕೆ ತಿಂಗಳಿಗೆ ಸುಮಾರು 24 ಡಾಲರ್, ತಾಜಾಕ್ಕೆ ಸುಮಾರು 129. ಐದು ಪಟ್ಟಿಗೂ ಹೆಚ್ಚು! ಇದೇ ಊಟದಲ್ಲಿ ಕಾಲು ಭಾಗ ಮಾತ್ರ ತಾಜಾ ಮಾಡಿದರೆ ತಿಂಗಳಿಗೆ 50ರ ಹತ್ತಿರ ನಿಲ್ಲುತ್ತೆ. ನಿಮ್ಮ ಊರಿನ ಬೆಲೆ ಹಾಕಿ ಇದೇ ಲೆಕ್ಕ ಮಾಡಿ. ಲೇಬಲ್‌ನಲ್ಲಿ ಕ್ಯಾಲೊರಿ ಇಲ್ಲದಿದ್ದರೆ ಕಂಪನಿಗೆ ಬರೆದು ಕೇಳಿ.

"ಹಾಗಾದ್ರೆ ಮನೆಯಲ್ಲೇ ಕೋಳಿ, ಅನ್ನ, ಕ್ಯಾರೆಟ್ ಬೇಯಿಸಿದರೆ ಆಯ್ತಲ್ಲ?" ಅಗ್ಗವೂ ಹೌದು, ತಾಜಾ ಕೂಡ ಹೌದು. ಇಲ್ಲಿ ನಿಧಾನಿಸಬೇಕು. ಅಮೆರಿಕದಲ್ಲಿ ಆಹಾರದ ಮಾನದಂಡ ಕೊಡುವ ಎಎಎಫ್‌ಸಿಒ ಪ್ರಕಾರ ವಯಸ್ಕ ನಾಯಿಗೆ 1,000 ಕಿಲೊಕ್ಯಾಲೊರಿಗೆ ಕನಿಷ್ಠ 1.25 ಗ್ರಾಂ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ ಬೇಕು. ನಮ್ಮ ನಾಯಿಗೆ ದಿನಕ್ಕೆ ಸುಮಾರು 440 ಮಿಲಿಗ್ರಾಂ. 350 ಕಿಲೊಕ್ಯಾಲೊರಿಯಷ್ಟು ಮೂಳೆ ಇಲ್ಲದ ಕೋಳಿ ಮಾಂಸ ಕೊಟ್ಟರೂ ಸಿಗೋದು ಮೂವತ್ತು ಚಿಲ್ಲರೆ ಮಿಲಿಗ್ರಾಂ. ಅನ್ನ ಸೇರಿಸಿದರೆ ಲೆಕ್ಕ ಹೆಚ್ಚೇನೂ ಬದಲಾಗಲ್ಲ. ರಾಗಿ ಸುಣ್ಣದಂಶಕ್ಕೆ ಹೆಸರುವಾಸಿ, ಆದರೂ 30 ಗ್ರಾಂ ಹಿಟ್ಟಿನಲ್ಲಿ ಇರೋದು ಸುಮಾರು 100 ಮಿಲಿಗ್ರಾಂ. ಅದರಲ್ಲೂ ಒಂದಷ್ಟನ್ನು ಫೈಟೇಟ್ ಹಿಡಿದಿಟ್ಟುಕೊಳ್ಳುತ್ತೆ.

ಮಾಂಸದಲ್ಲಿ ಫಾಸ್ಫರಸ್ ಧಾರಾಳ. ಸುಣ್ಣದಂಶ ಸಾಲದೆ ಫಾಸ್ಫರಸ್ ಹೆಚ್ಚಾದರೆ, ರಕ್ತದ ಮಟ್ಟ ಕಾಯ್ದುಕೊಳ್ಳಲು ದೇಹ ತನ್ನ ಮೂಳೆಯನ್ನೇ ಕರಗಿಸಿಕೊಳ್ಳುತ್ತೆ. ಬರೀ ಮಾಂಸ ತಿಂದ ಮರಿಗಳಲ್ಲಿ ಸಣ್ಣ ನೆಗೆತಕ್ಕೂ ಕಾಲು ಮುರಿಯೋದು ಇದರಿಂದಲೇ. ಮೊಟ್ಟೆಚಿಪ್ಪಿನ ನುಣ್ಣನೆಯ ಪುಡಿ ಕಾಲು ಟೀಚಮಚದಷ್ಟು ಈ ಕೊರತೆ ತುಂಬಬಲ್ಲದು. ಆದರೆ ಕೊರತೆ ಅದೊಂದೇ ಅಲ್ಲ. ಸತು, ತಾಮ್ರ, ಅಯೋಡಿನ್, ಮ್ಯಾಂಗನೀಸ್, ವಿಟಮಿನ್ ಇ, ವಿಟಮಿನ್ ಡಿ ಕೂಡ ಇವೆ. ಬಿಸಿಲಲ್ಲಿ ಮಲಗಿದರೆ ಡಿ ಸಿಗುತ್ತೆ ಅಂದ್ಕೋಬೇಡಿ. ನಾಯಿಯ ಚರ್ಮ ಅದನ್ನು ಸಾಕಷ್ಟು ತಯಾರಿಸಲ್ಲ, ಊಟದಿಂದಲೇ ಬರಬೇಕು.

ಇದು ಬರೀ ಹೆದರಿಕೆಯ ಮಾತಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ತಜ್ಞರು ಪುಸ್ತಕಗಳು ಮತ್ತು ಜಾಲತಾಣಗಳಿಂದ ಮನೆ ಅಡುಗೆಯ 200 ವಿಧಾನಗಳನ್ನು ಆರಿಸಿ ವಿಶ್ಲೇಷಿಸಿ 2013ರಲ್ಲಿ ಪ್ರಕಟಿಸಿದರು. ಬರೆದವರಲ್ಲಿ ಪಶುವೈದ್ಯರೂ ಇದ್ದರು. ಆದರೂ ನೂರಕ್ಕೆ 95ರಲ್ಲಿ ಒಂದಾದರೂ ಅವಶ್ಯ ಪೋಷಕಾಂಶ ಕಡಿಮೆ ಇತ್ತು, 83ರಲ್ಲಿ ಒಂದಕ್ಕಿಂತ ಹೆಚ್ಚು. "ದಿನಾ ಬೇರೆ ಬೇರೆ ಅಡುಗೆ ಮಾಡಿದರೆ ಸರಿಹೋಗುತ್ತೆ" ಅನ್ನೋ ಸಮಾಧಾನವೂ ನಿಲ್ಲಲ್ಲ. ಎಲ್ಲ ಅಡುಗೆಗಳಲ್ಲೂ ಅದೇ ಅಂಶ ಕಡಿಮೆಯಿದ್ದರೆ ಬದಲಾಯಿಸಿ ಏನು ಫಲ?

ಇನ್ನು ಹಸಿ ಮಾಂಸ. ಅಮೆರಿಕದ ಎಫ್‌ಡಿಎ 2010ರಿಂದ 2012ರ ನಡುವೆ ಅಂಗಡಿಯ ಹಸಿ ಆಹಾರದ 196 ಮಾದರಿಗಳನ್ನು ಪರೀಕ್ಷಿಸಿದಾಗ 15ರಲ್ಲಿ ಸಾಲ್ಮೊನೆಲ್ಲಾ, 32ರಲ್ಲಿ ಲಿಸ್ಟೀರಿಯಾ ಸಿಕ್ಕಿದವು. ಫ್ರೀಜರ್ ಈ ಬ್ಯಾಕ್ಟೀರಿಯಾಗಳನ್ನು ಮಲಗಿಸುತ್ತೆ, ಸಾಯಿಸಲ್ಲ. ಫ್ರೀಜ್-ಡ್ರೈ ಮಾಡಿದ ತುಣುಕುಗಳೂ ಹಸಿಯವೇ. ಹೆಚ್ಚಿನ ಒತ್ತಡದ ಸಂಸ್ಕರಣೆ ಸಂಖ್ಯೆಯನ್ನು ತಗ್ಗಿಸುತ್ತೆ, ಆದರೆ ಅದು ಬೇಯಿಸಿದಷ್ಟು ಭದ್ರವಲ್ಲ. ನಾಯಿಗೆ ಏನೂ ಆಗದೇ ಇರಬಹುದು. ಆದರೆ ಅದೇ ನಾಯಿ ಮಗುವಿನ ಮುಖ ನೆಕ್ಕುತ್ತೆ. ಮನೆಯಲ್ಲಿ ಗರ್ಭಿಣಿ, ಅಂಬೆಗಾಲಿಡುವ ಮಗು, ಕೀಮೋ ತೆಗೆದುಕೊಳ್ಳುತ್ತಿರುವವರು, ಊರಿಂದ ಬಂದ ವಯಸ್ಸಾದ ಅಪ್ಪ ಅಮ್ಮ ಇದ್ದರೆ ಹಸಿ ಊಟ ಬೇಡ ಅನ್ನೋದೇ ನಮ್ಮ ಸ್ಪಷ್ಟ ಸಲಹೆ. ಅಮೆರಿಕದ ಪಶುವೈದ್ಯ ಸಂಘ 2012ರಿಂದಲೇ ಇಂಥ ಊಟವನ್ನು ಪ್ರೋತ್ಸಾಹಿಸುತ್ತಿಲ್ಲ. ಮಾಂಸ ಮುಟ್ಟಿ ಅಭ್ಯಾಸವಿಲ್ಲದ ಸಸ್ಯಾಹಾರಿ ಅಡುಗೆಮನೆಯಲ್ಲಿ ಬೇರೆ ಮಣೆ, ಬೇರೆ ಚಾಕು, ಬೇರೆ ಸ್ಪಾಂಜ್ ಅನ್ನೋ ಶಿಸ್ತು ತರೋದೂ ಸುಲಭವಲ್ಲ. ತಾಜಾ ಕೊಡಬೇಕು ಅನ್ನಿಸಿದರೆ ಬೇಯಿಸಿ ಕೊಡಿ. ಬೇಯಿಸಿದ ಮೂಳೆ ಮಾತ್ರ ಬೇಡವೇ ಬೇಡ, ಚೂಪಾಗಿ ಸೀಳುತ್ತೆ.

ನಮ್ಮ ಅಡುಗೆಮನೆಗೇ ಸೇರಿದ ಎಚ್ಚರಿಕೆಯೊಂದಿದೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಹಾಗಾಗಿ ಒಗ್ಗರಣೆ ಹಾಕಿದ ಸಾರು ಬೇಡ. ದ್ರಾಕ್ಷಿ, ಪಾಯಸದ ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಅಪಾಯ. ಅದಕ್ಕೆ ಕಾರಣ ಟಾರ್ಟಾರಿಕ್ ಆಮ್ಲ ಇರಬಹುದು ಅಂತ 2021ರಲ್ಲಿ ಅಮೆರಿಕದ ವಿಷಶಾಸ್ತ್ರ ಪಶುವೈದ್ಯರು ಸೂಚಿಸಿದರು. ಮರುವರ್ಷ ಹುಣಸೆಹಣ್ಣು ತಿಂದ ನಾಯಿಗಳಲ್ಲೂ ಅಂಥದ್ದೇ ಹಾನಿಯನ್ನು ವರದಿ ಮಾಡಿದರು. ಹುಳಿ, ಪುಳಿಯೋಗರೆ ನಾಯಿಯ ತಟ್ಟೆಗೆ ಅಲ್ಲ. ಹಾಲು ಕೂಡ ಹಲವು ವಯಸ್ಕ ನಾಯಿಗಳಿಗೆ ಭೇದಿ ತರುತ್ತೆ.

ಹಾಗಾದರೆ ಮಾಡೋದೇನು? ನಮ್ಮ ಪ್ರಕಾರ ಕೇಳಬೇಕಾದ ಪ್ರಶ್ನೆ "ಹಸಿಯೋ ಒಣದೋ" ಅಲ್ಲ, "ಪೂರ್ಣವೋ ಅಪೂರ್ಣವೋ". ಲೇಬಲ್‌ನಲ್ಲಿ ಅಮೆರಿಕದಲ್ಲಾದರೆ "ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್", ಯು.ಕೆ.ಯಲ್ಲಿ "ಕಂಪ್ಲೀಟ್", ಜರ್ಮನಿಯಲ್ಲಿ "ಅಲೈನ್‌ಫುಟರ್‌ಮಿಟ್ಟೆಲ್" ಅಂತ ಇದೆಯೇ ನೋಡಿ. "ಕಾಂಪ್ಲಿಮೆಂಟರಿ" ಅಥವಾ "ಎರ್ಗೆನ್ಸುಂಗ್ಸ್‌ಫುಟರ್‌ಮಿಟ್ಟೆಲ್" ಅಂತ ಇದ್ದರೆ ಅದು ಜೊತೆಗೆ ಕೊಡುವಂಥದ್ದು, ಪೂರ್ತಿ ಊಟ ಅಲ್ಲ. ಯಾವ ವಯಸ್ಸಿಗೆ ಅನ್ನೋದನ್ನೂ ಓದಿ. ಮರಿಗೆ ಬೆಳವಣಿಗೆಯ ಆಹಾರವೇ ಬೇಕು.

ಜೇಬಿಗೆ ಹೊಂದುವ ದಾರಿ ಹೀಗಿದೆ. ಮೊದಲನೆಯದು, ಪೂರ್ಣವಾದ ಒಣ ಆಹಾರವನ್ನೇ ಬುಡವಾಗಿಟ್ಟು, ಮೇಲೆ ತಾಜಾ ತಿಂಡಿ. ದಿನದ ಕ್ಯಾಲೊರಿಯಲ್ಲಿ ನೂರಕ್ಕೆ ಹತ್ತು ದಾಟದಿದ್ದರೆ ಸಮತೋಲ ಕೆಡಲ್ಲ. ನಮ್ಮ ನಾಯಿಗೆ ಅದು 35 ಕಿಲೊಕ್ಯಾಲೊರಿ: ಅರ್ಧ ಬೇಯಿಸಿದ ಮೊಟ್ಟೆ, ಅಥವಾ ಸುಮಾರು 20 ಗ್ರಾಂ ಬೇಯಿಸಿದ ಕೋಳಿ. ಅಷ್ಟು ಕಾಳನ್ನು ಕಡಿಮೆ ಮಾಡೋದು ಮರೀಬೇಡಿ. ಎರಡನೆಯದು, ಕಾಲು ಭಾಗ ಅಥವಾ ಅರ್ಧ ಪೂರ್ಣವಾದ ತಾಜಾ ಆಹಾರ, ಉಳಿದದ್ದು ಪೂರ್ಣವಾದ ಒಣದ್ದು. ಮೂರನೆಯದು, ಪೂರ್ತಿ ಮನೆಯಡುಗೆ. ಹಾಗಿದ್ದಲ್ಲಿ ಪಶುಪೋಷಣಾ ತಜ್ಞರಿಂದ ನಿಮ್ಮ ನಾಯಿಗೆ ತಕ್ಕ ವಿಧಾನ ಬರೆಸಿಕೊಂಡು, ಗ್ರಾಂ ತಕ್ಕಡಿಯಲ್ಲಿ ತೂಗಿ, ಅವರು ಹೇಳಿದ ಖನಿಜದ ಪುಡಿಯನ್ನು ತಪ್ಪದೆ ಹಾಕಿ. ಒಂದು ಸಲದ ಆ ಫೀಸು ವರ್ಷಗಳ ತೊಂದರೆ ಉಳಿಸುತ್ತೆ.

ಬದಲಾವಣೆಯನ್ನು ಏಳೆಂಟು ದಿನದಲ್ಲಿ ನಿಧಾನವಾಗಿ ಮಾಡಿ. ಕೊಬ್ಬು ತುಂಬಿದ ಊಟ ಒಮ್ಮೆಲೇ ಕೊಟ್ಟರೆ, ಮಿನಿಯೇಚರ್ ಷ್ನಾಜರ್‌ನಂಥ ತಳಿಗಳಲ್ಲಿ ಮೇದೋಜೀರಕ ಗ್ರಂಥಿ ಉರಿಯೂತ ಬರಬಹುದು. ತಿಂಗಳಿಗೊಮ್ಮೆ ತೂಕ ನೋಡಿ, ಪಕ್ಕೆಲುಬು ಕೈಗೆ ಸುಲಭವಾಗಿ ಸಿಗುತ್ತಿರಬೇಕು. ಕಾಯಿಲೆ ಇರುವ ನಾಯಿಯ ಊಟವನ್ನು ವೈದ್ಯರನ್ನು ಕೇಳದೆ ಬದಲಿಸಬೇಡಿ.

ದುಬಾರಿ ಡಬ್ಬಿ ಕೊಳ್ಳಲಾಗಲಿಲ್ಲ ಅಂತ ಯಾರೂ ಕೊರಗಬೇಕಿಲ್ಲ. ಪೂರ್ಣವಾದ ಸಾಧಾರಣ ಬೆಲೆಯ ಕಾಳು, ಮೇಲೆ ಅರ್ಧ ಮೊಟ್ಟೆ ತಿನ್ನುವ ನಾಯಿ, ಲೆಕ್ಕವಿಲ್ಲದ ಕೋಳಿ ಅನ್ನ ತಿನ್ನುವ ನಾಯಿಗಿಂತ ಚೆನ್ನಾಗಿ ಉಣ್ಣುತ್ತಿದೆ. ಇವತ್ತು ರಾತ್ರಿ ಊಟ ಹಾಕುವ ಮುಂಚೆ ಪ್ಯಾಕೆಟ್ ತಿರುಗಿಸಿ, ಆ ಒಂದು ಪದ ಇದೆಯಾ ಅಂತ ನೋಡಿ.